ಬದುವಿನ ಬೆರಕೆ ಸೊಪ್ಪಿನಿಂದ ಹಸುವಿಗೆ ಸೈಲೇಜ್: ಏನು ಕೊಯ್ಯಬೇಕು, ಏನು ಬಿಡಬೇಕು, ಡ್ರಮ್ಮಿಗೆ ಹೇಗೆ ತುಂಬಬೇಕು

ಹೆಸರಘಟ್ಟ, ರಾಜಾನುಕುಂಟೆ, ದೊಡ್ಡಬಳ್ಳಾಪುರ ಕಡೆ ಮಳೆ ಬಿದ್ದು ಹದಿನೈದು ದಿನಕ್ಕೆ ಹೊಲದ ಬದು ಪೂರ್ತಿ ಹಸಿರಾಗುತ್ತದೆ. ನಮ್ಮಮ್ಮ ರಾಗಿ ಹೊಲದಿಂದ ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಹೊನಗೊನ್ನೆ, ಗೋಣಿ ಸೊಪ್ಪು ಎಲ್ಲ ಮಡಿಲು ತುಂಬ ಕಿತ್ತು ತರುತ್ತಾರೆ. ಮೊರದ ಮೇಲೆ ಹರಡಿಕೊಂಡು ಒಂದೊಂದೇ ಕಡ್ಡಿ ಆರಿಸುತ್ತಾರೆ. ಸಂಜೆಗೆ ಬಸ್ಸಾರು. ಅದೇ ಬದುವಿನಲ್ಲಿ ನಮ್ಮ ಹಸುವನ್ನು ಬಿಟ್ಟರೆ ಅದೂ ಅದನ್ನೇ ಮಾಡುತ್ತದೆ. ಗರಿಕೆ ಒಂದು ಬಾಯಿ, ಕನ್ನೆ ಸೊಪ್ಪು ಒಂದು ಬಾಯಿ, ಪಕ್ಕದಲ್ಲೇ ಇರುವ ಪಾರ್ಥೇನಿಯಂ ಕಡೆ ಮೂಗು ಹಿಡಿದು ಮುಂದೆ ಹೋಗುತ್ತದೆ.

ಈ ಆರಿಸುವ ಕೆಲಸವನ್ನು ಹಸುವಿನ ಬಾಯಿಂದ ನಾವು ಕಿತ್ತುಕೊಳ್ಳುವುದು ಯಾವಾಗ ಗೊತ್ತಾ? ಕೊಯ್ದು, ಮಷೀನಿಗೆ ಕೊಟ್ಟು, ಇಂಚು ಇಂಚಾಗಿ ಕತ್ತರಿಸಿ, ಗಾಳಿಯಾಡದ ಡ್ರಮ್ಮಿನಲ್ಲಿ ಹುಳಿ ಬರಿಸಿ, ಅಂದರೆ ಸೈಲೇಜ್ ಮಾಡಿ, ಗೋದಲಿಗೆ ಸುರಿದಾಗ. ಆಗ ಒಳ್ಳೆಯದು ಯಾವುದು, ವಿಷ ಯಾವುದು ಅಂತ ಬೇರೆ ಮಾಡಲು ಹಸುವಿಗೆ ಆಗುವುದಿಲ್ಲ. ಯುರೋಪಿನ ಹುಲ್ಲುಗಾವಲುಗಳಲ್ಲಿ ರ‍್ಯಾಗ್‌ವರ್ಟ್ ಅಂತ ಹಳದಿ ಹೂವಿನ ಒಂದು ಗಿಡ ಇದೆ. ಮೇಯುವ ದನ ಅದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಒಣಹುಲ್ಲಿನಲ್ಲೋ ಸೈಲೇಜಿನಲ್ಲೋ ಬೆರೆತು ಬಂದರೆ ಗೊತ್ತಾಗದೆ ತಿಂದು ಲಿವರ್ ಕೆಡಿಸಿಕೊಳ್ಳುತ್ತದೆ. ನಮ್ಮಲ್ಲಿ ಆ ಗಿಡ ಇಲ್ಲ, ಆದರೆ ನಮ್ಮದೇ ಆದ ಲಂಟಾನ, ಉಮ್ಮತ್ತಿ, ಹರಳು ಇವೆ. ಹಾಗಾಗಿ ಡ್ರಮ್ಮು, ಬೆಲ್ಲ, ಟಾರ್ಪಾಲಿಗಿಂತ ಮೊದಲು ಮೊರದ ಕೆಲಸ ಕಲಿಯಬೇಕು.

ಈ ಸೊಪ್ಪು ಯಾಕೆ ಬೇಕು?

ನಮ್ಮ ಕಡೆ ಹಸುವಿನ ಹೊಟ್ಟೆ ತುಂಬುವುದು ರಾಗಿ ಹುಲ್ಲು, ಸೀಮೆ ಹುಲ್ಲು, ಮುಸುಕಿನ ಜೋಳದಿಂದ. ರಾಗಿ ಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ 3-4 ಭಾಗ ಅಷ್ಟೇ. ಹಸಿ ಮುಸುಕಿನ ಜೋಳದ ಒಣ ತೂಕದಲ್ಲಿ 8-9 ಭಾಗ. ಎಳೆಯದಾಗಿ ಕೊಯ್ದ ಅಲಸಂದೆಯಲ್ಲಿ 15ರಿಂದ 18 ಇರುತ್ತದೆ, ಕುದುರೆ ಮಸಾಲೆ (ಲೂಸರ್ನ್) ಸೊಪ್ಪಿನಲ್ಲಿ 20ರ ಹತ್ತಿರ. ಬದುವಿನ ಅಗಲ ಎಲೆಯ ಸೊಪ್ಪುಗಳೂ ಹೂ ಬಿಡುವ ಮುಂಚೆ ಕೊಯ್ದರೆ ಹುಲ್ಲಿಗಿಂತ ಮೇಲೆಯೇ ಇರುತ್ತವೆ. ಪ್ರೋಟೀನಿಗಿಂತ ನನಗೆ ಮುಖ್ಯ ಅನ್ನಿಸುವುದು ಖನಿಜ. ಕ್ಯಾಲ್ಸಿಯಂ, ಮೆಗ್ನೀಸಿಯಂ, ತಾಮ್ರ, ಸತು ಇವೆಲ್ಲ ಅಗಲ ಎಲೆಯ ಗಿಡಗಳಲ್ಲಿ ಸಾಮಾನ್ಯವಾಗಿ ಹುಲ್ಲಿಗಿಂತ ಜಾಸ್ತಿ.

ನ್ಯೂಜಿಲೆಂಡಿನಲ್ಲಿ ಹೈನುಗಾರರು ಚಿಕೋರಿಯನ್ನು ಹುಲ್ಲಿನ ಜೊತೆ ಬಿತ್ತಿ ಹಸು ಮೇಯಿಸುತ್ತಾರೆ. ಹೌದು, ನಮ್ಮ ಫಿಲ್ಟರ್ ಕಾಫಿಗೆ ಬೆರೆಸುವ ಅದೇ ಚಿಕೋರಿ! ನಾವು ಅದರ ಬೇರು ಹುರಿದು ಕುಡಿಯುತ್ತೇವೆ, ಅವರ ಹಸು ಅದರ ಎಲೆ ತಿನ್ನುತ್ತದೆ. ಯುರೋಪಿನಲ್ಲಿ ಸೇನ್‌ಫಾಯಿನ್ ಎಂಬ ದ್ವಿದಳ ಗಿಡಕ್ಕೆ ಬೆಲೆ, ಯಾಕೆಂದರೆ ಅದರೊಳಗಿನ ಒಗರು, ಅಂದರೆ ಟ್ಯಾನಿನ್, ಪ್ರೋಟೀನು ಮೊದಲ ಹೊಟ್ಟೆಯಲ್ಲೇ ಕರಗಿಹೋಗದಂತೆ ತಡೆಯುತ್ತದೆ. ಹೊಟ್ಟೆ ಉಬ್ಬರವೂ ಬರುವುದಿಲ್ಲ. ನಮ್ಮ ಬದುವಿಗೆ ಅವು ಬೇಕಾಗಿಲ್ಲ. ತತ್ವ ಮಾತ್ರ ಒಂದೇ: ಹುಲ್ಲು ಊಟ, ಸೊಪ್ಪು ಸಾರು. ಬರೀ ಸಾರು ಕುಡಿದು ಯಾರೂ ಬದುಕುವುದಿಲ್ಲ ಅಲ್ವಾ?

ಆದ್ದರಿಂದ ನನ್ನ ಲೆಕ್ಕ ಶುರುವಲ್ಲೇ ಹೇಳಿಬಿಡುತ್ತೇನೆ. ಡ್ರಮ್ಮಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಮುಸುಕಿನ ಜೋಳ, ಒಂದು ಪಾಲು ಬಾಡಿಸಿದ ಬೆರಕೆ ಸೊಪ್ಪು. ಒಣ ತೂಕದಲ್ಲಿ ಜೋಳಕ್ಕೆ 8, ಸೊಪ್ಪಿಗೆ 16 ಅಂತ ಪ್ರೋಟೀನ್ ಹಿಡಿದರೆ ಬೆರಕೆಗೆ 10 ಬರುತ್ತದೆ. ದೊಡ್ಡ ಜಾದೂ ಏನಲ್ಲ. ಹಿಂಡಿ ನಿಲ್ಲಿಸುವಷ್ಟು ಇಲ್ಲ, ಸ್ವಲ್ಪ ಕಮ್ಮಿ ಮಾಡುವಷ್ಟು ಇದೆ.

ಹೆಜ್ಜೆ 1: ಜಾಗ ನೋಡಿ

ಕುಡ್ಲು ಹಿಡಿಯುವ ಮುಂಚೆ ಈ ಸೊಪ್ಪು ಯಾವ ನೀರು ಕುಡಿದು ಬೆಳೆದಿದೆ ಅಂತ ನೋಡಿ. ಬೆಂಗಳೂರಿನ ಸುತ್ತ ಇದು ದೊಡ್ಡ ಪ್ರಶ್ನೆ. ಒಳಚರಂಡಿ ನೀರು, ಕಾರ್ಖಾನೆ ನೀರು ಸೇರುವ ಕೆರೆ ಅಂಚಿನಲ್ಲಿ ಆಳೆತ್ತರ ಹುಲ್ಲು ಬೆಳೆಯುತ್ತದೆ, ಬಿಟ್ಟಿ ಸಿಗುತ್ತದೆ, ದಿನಾ ಟಿವಿಎಸ್ ಗಾಡಿಯಲ್ಲಿ ಹೊರೆ ಕಟ್ಟಿಕೊಂಡು ಹೋಗುವವರನ್ನು ನೀವೂ ನೋಡಿರುತ್ತೀರಿ. ಆ ಹಸಿರಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹ ಇರಬಹುದು, ನೈಟ್ರೇಟ್ ಜಾಸ್ತಿ ಇರುತ್ತದೆ. ಲೋಹ ಹುಳಿ ಬರಿಸಿದರೆ ಹೋಗುವಂಥದ್ದಲ್ಲ. ನಾನು ಅಲ್ಲಿ ಕೊಯ್ಯುವುದಿಲ್ಲ, ನೀವೂ ಬೇಡ.

ರಸ್ತೆ ಪಕ್ಕದ ಸೊಪ್ಪೂ ಬೇಡ. ಪ್ಲಾಸ್ಟಿಕ್ ಕವರು, ಗಾಜಿನ ಚೂರು, ಬೈಂಡಿಂಗ್ ತಂತಿ, ಮೊಳೆ. ಹಸು ಅಗಿದು ನೋಡಿ ನುಂಗುವ ಪ್ರಾಣಿಯಲ್ಲ, ಮೊದಲು ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ಒಂದು ತಂತಿ ಚೂರು ಎರಡನೇ ಹೊಟ್ಟೆಯಿಂದ ಚುಚ್ಚಿಕೊಂಡು ಹೃದಯದವರೆಗೂ ಹೋಗಬಹುದು. ಮನೆ ಕಟ್ಟುವ ಸೈಟುಗಳ ಪಕ್ಕ ಇದು ಸುಮ್ನೆ ಹೆದರಿಸುವ ಮಾತಲ್ಲ.

ಹೆಸರಘಟ್ಟದ ಹುಲ್ಲುಗಾವಲು ಸರ್ಕಾರಿ ಜಾಗ. ಹಕ್ಕಿ, ಕೀಟ, ನರಿಗಳ ಮನೆ. ಕುರಿ ಮೇಯಿಸುವವರು ಅಲ್ಲಿ ತಲೆಮಾರಿನಿಂದ ಇದ್ದಾರೆ, ಅದು ಬೇರೆ ಮಾತು. ಸೈಲೇಜಿಗೆ ಅಂತ ಗಾಡಿಗಟ್ಟಲೆ ಅಲ್ಲಿಂದ ಕೊಯ್ದು ತರುವುದು ಬೇಡ. ನಿಮ್ಮ ಬದು, ನಿಮ್ಮ ತೋಟದ ಸಾಲು, ಕಳೆ ಕೀಳುವ ರಾಗಿ ಹೊಲ ಸಾಕು. ಕಳೆನಾಶಕ ಹೊಡೆದ ಹೊಲವಾದರೆ ಅದೂ ಬೇಡ.

ಹೆಜ್ಜೆ 2: ಗಿಡ ಗುರುತಿಸಿ

ಇಲ್ಲಿ ನಿಧಾನ ಮಾಡಿ. ಮೊದಲ ವರ್ಷ ಹತ್ತು ಗಿಡ ಗಟ್ಟಿಯಾಗಿ ಗೊತ್ತಿದ್ದರೆ ಆ ಹತ್ತನ್ನೇ ಕೊಯ್ಯಿರಿ.

ಕಣ್ಣುಮುಚ್ಚಿ ಹಾಕಬಹುದಾದ್ದು ಗರಿಕೆ. ಅದು ಸೊಪ್ಪಲ್ಲ, ಹುಲ್ಲು, ಆದರೆ ಬದುವಿನಲ್ಲಿ ಎಲ್ಲದರ ಕಾಲಡಿ ಇರುತ್ತದೆ, ಜೊತೆಗೇ ಬರುತ್ತದೆ. ಆಮೇಲೆ ನೆಲಕ್ಕೆ ಅಂಟಿಕೊಂಡು ಹರಡುವ ಮೂರೆಲೆಯ ಚಿಕ್ಕ ದ್ವಿದಳ ಬಳ್ಳಿಗಳು, ನಮ್ಮ ಕಡೆ ಕಾಡು ಮೆಂತ್ಯ ಅಂತಾರೆ. ಕುರಿಗಳು ಇದನ್ನು ಹುಡುಕಿಕೊಂಡು ತಿನ್ನುತ್ತವೆ. ಕೊಯ್ಯಲು ಕೈಗೆ ಸಿಗುವುದು ಕಷ್ಟ, ಸಿಕ್ಕಿದಷ್ಟು ಲಾಭ.

ಕನ್ನೆ ಸೊಪ್ಪು ಎಲ್ಲ ಕಡೆ ಇದೆ, ನೀಲಿ ಹೂವು, ರಸ ತುಂಬಿದ ದಂಟು. ಹಸುವಿಗೆ ಬಹಳ ಇಷ್ಟ. ಇದರ ತೊಂದರೆ ನೀರು. ಹಸಿ ಕನ್ನೆ ಸೊಪ್ಪಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. 25 ಕೇಜಿ ಹೊತ್ತು ತಂದರೆ 22 ಕೇಜಿಗೂ ಜಾಸ್ತಿ ನೀರು ಹೊತ್ತ ಹಾಗೆ. ಬಾಡಿಸದೆ ಹಾಕಿದರೆ ಏನಾಗುತ್ತದೆ ಅಂತ ಮುಂದೆ ಹೇಳುತ್ತೇನೆ, ಅನುಭವ ಇದೆ.

ಅಣ್ಣೆ ಸೊಪ್ಪು ರಾಗಿ ಹೊಲದ ಕಳೆ. ಬೆಳ್ಳಿ-ಗುಲಾಬಿ ಬಣ್ಣದ ತೆನೆ ಬರುವ ಮುಂಚೆ ಕೊಯ್ಯಬೇಕು. ತೆನೆ ಬಲಿತರೆ ಸಾವಿರಾರು ಕಪ್ಪು ಬೀಜ. ಹುಳಿ ಬಂದಾಗ ಬಹಳಷ್ಟು ಕಳೆ ಬೀಜ ಸಾಯುತ್ತವೆ ನಿಜ, ಆದರೆ ಗಟ್ಟಿ ಸಿಪ್ಪೆಯವು ಬದುಕಿಕೊಂಡು, ಹಸುವಿನ ಹೊಟ್ಟೆ ದಾಟಿ, ಗೊಬ್ಬರದ ಜೊತೆ ಮತ್ತೆ ನಿಮ್ಮ ಹೊಲಕ್ಕೇ ಬರುತ್ತವೆ.

ಕೀರೆ, ಮುಳ್ಳು ಹರಿವೆ, ಗೋಣಿ ಸೊಪ್ಪು ಇವು ಒಳ್ಳೆಯ ಮೇವೇ, ಆದರೆ ಹದ ಇರಬೇಕು. ಇವುಗಳಲ್ಲಿ ಆಕ್ಸಲೇಟ್ ಇದೆ, ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ. ಎಳೆ ಸೀಮೆ ಹುಲ್ಲಿನಲ್ಲೂ ಇದೇ ಆಕ್ಸಲೇಟ್ ಇರುವುದರಿಂದ ಎರಡನ್ನೂ ಸೇರಿಸಿ ತುಂಬುವವರು ಖನಿಜ ಮಿಶ್ರಣ ತಪ್ಪಿಸಬಾರದು. ಯೂರಿಯಾ ಚೆಲ್ಲಿದ ಹೊಲದ ಹರಿವೆಯಲ್ಲಿ ನೈಟ್ರೇಟ್ ಕೂಡ ಸೇರಿಕೊಳ್ಳುತ್ತದೆ, ಅದೂ ದಂಟಿನ ಬುಡದಲ್ಲಿ. ನೈಟ್ರೇಟ್ ಏರಿದ ಹಸು ಏದುಸಿರು ಬಿಡುತ್ತದೆ, ರಕ್ತ ಚಾಕಲೇಟ್ ಬಣ್ಣಕ್ಕೆ ತಿರುಗುತ್ತದೆ. ಆಗ ಮನೆಮದ್ದು ಹುಡುಕುತ್ತಾ ಕೂರಬೇಡಿ, ತಕ್ಷಣ ಡಾಕ್ಟರ್ ಕರೆಯಿರಿ. ಹುಳಿ ಬಂದಾಗ ನೈಟ್ರೇಟ್ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಬೆರಕೆ ಸೊಪ್ಪಿನಲ್ಲಿ ಹರಿವೆ ಜಾತಿಯದ್ದು ಮೂರನೇ ಒಂದು ಪಾಲು ದಾಟದಂತೆ ನಾನು ನೋಡಿಕೊಳ್ಳುತ್ತೇನೆ. ಬುಡದ ದಪ್ಪ ದಂಟನ್ನು ನಾಲ್ಕು ಬೆರಳು ಹೊಲದಲ್ಲೇ ಬಿಟ್ಟು ಕೊಯ್ಯುತ್ತೇನೆ.

ಹೊನಗೊನ್ನೆ ವಿಷಯದಲ್ಲಿ ಒಂದು ಮೋಸ ಇದೆ. ಕೆರೆ, ಕಾಲುವೆ ಅಂಚಿನಲ್ಲಿ ಅದರ ದಾಯಾದಿ ಒಂದು ಬೆಳೆಯುತ್ತದೆ, ಅಲಿಗೇಟರ್ ವೀಡ್. ಎಲೆ ಎದುರು ಬದುರು, ಹೂವು ಬಿಳಿ, ದೂರದಿಂದ ಒಂದೇ ತರಹ. ಹತ್ತಿರ ಹೋಗಿ ನೋಡಿ. ಹೊನಗೊನ್ನೆಯ ಬಿಳಿ ಹೂಗುಚ್ಛ ಎಲೆಯ ಕಂಕುಳಿಗೇ ಅಂಟಿಕೊಂಡಿರುತ್ತದೆ, ತೊಟ್ಟೇ ಇಲ್ಲ. ದಾಯಾದಿಯದ್ದು ಒಂದೆರಡು ಇಂಚು ಉದ್ದದ ತೊಟ್ಟಿನ ತುದಿಯಲ್ಲಿ ಚೆಂಡಿನ ಹಾಗೆ ನಿಂತಿರುತ್ತದೆ, ದಂಟು ಮುರಿದರೆ ಒಳಗೆ ಟೊಳ್ಳು. ಅದು ಕೊಳಕು ನೀರಿನಲ್ಲಿ ಸೊಂಪಾಗಿ ಬೆಳೆಯುವ ಗಿಡ, ಬಿಟ್ಟುಬಿಡಿ.

ಇನ್ನು ಮುಟ್ಟಲೇಬಾರದವು. ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಹುಲ್ಲು: ಹಾಲು ಕಹಿ ಮಾಡುತ್ತದೆ, ಚರ್ಮ, ಬಾಯಿ ಕೆಡಿಸುತ್ತದೆ. ಬಿಳಿ ಹೂವು ಬಂದ ಮೇಲೆ ಎಲ್ಲರಿಗೂ ಗುರುತು ಸಿಗುತ್ತದೆ, ಎಳೆಯದಿದ್ದಾಗ ಕ್ಯಾರೆಟ್ ಸೊಪ್ಪಿನ ಹಾಗೆ ನೆಲಕ್ಕೆ ಚಪ್ಪಟೆಯಾಗಿ ಹರಡಿರುತ್ತದೆ, ಆಗ ಕುಡ್ಲಿಗೆ ಸಿಕ್ಕಿ ಬರುತ್ತದೆ. ಲಂಟಾನ: ಲಿವರ್ ಕೆಟ್ಟು ಬಿಸಿಲಿಗೆ ಚರ್ಮ ಸುಲಿಯುತ್ತದೆ, ಒಣಗಿಸಿದರೂ ವಿಷ ಹೋಗುವುದಿಲ್ಲ. ಉಮ್ಮತ್ತಿ, ಎಕ್ಕ, ಹರಳು, ಬೇಲಿಯ ಕಣಗಿಲೆ ಯಾವುದೂ ಬೇಡ. ಕಣಗಿಲೆಯಂತೂ ಹತ್ತಿಪ್ಪತ್ತು ಎಲೆಯಲ್ಲೇ ಹಸು ಕೊಲ್ಲುವಂಥದ್ದು. ಕುರಿ ಸಾಕಿರುವವರು ನೆಗ್ಗಿಲು ಬಳ್ಳಿಯನ್ನೂ ತೆಗೆಯಿರಿ.

ಕೆಲವು ವಿಷ ಒಣಗಿದರೆ ಹೋಗುತ್ತದೆ ಅನ್ನುವುದೂ ನಿಜ. ಯುರೋಪಿನ ಬಟರ್‌ಕಪ್ ಹಸಿಯಾಗಿ ಬಾಯಿ ಸುಡುತ್ತದೆ, ಒಣಗಿದ ಮೇಲೆ ಏನೂ ಮಾಡುವುದಿಲ್ಲ. ನಮ್ಮ ಎಳೆ ಬಿಳಿ ಜೋಳದ (ಮುಸುಕಿನ ಜೋಳವಲ್ಲ) ಸಯನೈಡ್ ಕೂಡ ಒಣಗಿಸಿದರೆ, ಹುಳಿ ಬರಿಸಿದರೆ ಇಳಿಯುತ್ತದೆ. ಇದನ್ನು ಕೇಳಿಕೊಂಡು ಎಲ್ಲ ವಿಷವೂ ಡ್ರಮ್ಮಿನಲ್ಲಿ ಸಾಯುತ್ತದೆ ಅಂದುಕೊಳ್ಳಬೇಡಿ. ಒಂದೊಂದು ಗಿಡದ ಕಥೆ ಒಂದೊಂದು.

ಹೆಜ್ಜೆ 3: ಕೊಯ್ಯುವ ದಿನ, ಗಂಟೆ

ಸೊಪ್ಪು ಮೊಗ್ಗು ಬಿಡುವ ಹೊತ್ತಿಗೆ ಕೊಯ್ಯಬೇಕು. ಇನ್ನೂ ಎಳೆಯದಾದರೆ ಬರೀ ನೀರು, ಹೂ ಉದುರಿದ ಮೇಲೆ ಬರೀ ಕಡ್ಡಿ. ಮುಸುಕಿನ ಜೋಳ ಬೇರೆ ಲೆಕ್ಕ. ತೆನೆಯ ಕಾಳನ್ನು ಉಗುರಿನಿಂದ ಒತ್ತಿ. ಹಾಲು ಚಿಮ್ಮಿದರೆ ಇನ್ನೂ ಸ್ವಲ್ಪ ದಿನ ತಡೆಯಿರಿ, ಹಿಟ್ಟಿನ ಹಾಗೆ ಬಂದರೆ ಸರಿ. ಆಫ್ರಿಕನ್ ಟಾಲ್ ತರಹದ ಮೇವಿನ ಜೋಳ ಸುಮಾರು 75ರಿಂದ 85 ದಿನಕ್ಕೆ ಅಲ್ಲಿಗೆ ಬರುತ್ತದೆ. ಎರಡೂ ಒಂದೇ ವಾರ ಸಿಗಬೇಕಾದರೆ ಜೂನ್ ಕೊನೆಯಲ್ಲಿ ಜೋಳ ಬಿತ್ತಿ, ಸೆಪ್ಟೆಂಬರ್ ಮಧ್ಯದಲ್ಲಿ ಡ್ರಮ್ಮು ತುಂಬುವ ಹಾಗೆ ಇಟ್ಟುಕೊಳ್ಳಿ.

ಸೆಪ್ಟೆಂಬರ್ ಅಂದ ತಕ್ಷಣ ನೀವು ಮಳೆ ಅನ್ನುತ್ತೀರಿ. ಸರಿಯೇ, ನಮ್ಮಲ್ಲಿ ಜಾಸ್ತಿ ಮಳೆ ಆಗುವ ತಿಂಗಳೇ ಅದು. ಆದರೆ ಬೆಂಗಳೂರಿನ ಆ ಮಳೆಗೆ ಒಂದು ಅಭ್ಯಾಸ ಇದೆ, ಹೆಚ್ಚಾಗಿ ಮಧ್ಯಾಹ್ನ ಕಳೆದ ಮೇಲೆ, ಆಫೀಸು ಬಿಡುವ ಹೊತ್ತಿಗೆ ಸರಿಯಾಗಿ ಸುರಿಯುತ್ತದೆ. ನಮಗೆ ಬೆಳಗ್ಗೆ ಸಿಗುತ್ತದೆ. ಡೈರಿಗೆ ಹಾಲು ಹಾಕಿ ಬಂದು, ಇಬ್ಬನಿ ಆರಿದ ಮೇಲೆ, ಎಂಟೂವರೆ ಒಂಬತ್ತಕ್ಕೆ ಕೊಯ್ಲು ಶುರು ಮಾಡಿದರೆ ಮಧ್ಯಾಹ್ನ ಮೂರು ಗಂಟೆಯೊಳಗೆ ಕೆಲಸ ಮುಗಿಸಬಹುದು.

ಹೆಜ್ಜೆ 4: ಬಾಡಿಸುವುದು

ನನ್ನ ಮೊದಲ ಡ್ರಮ್ಮು ಕೆಟ್ಟಿದ್ದು ಇಲ್ಲೇ. ಮಳೆ ಬರುವ ಹಾಗಿತ್ತು, ಕನ್ನೆ ಸೊಪ್ಪು, ಅಣ್ಣೆ ಸೊಪ್ಪು ಹಸಿ ಹಸಿಯಾಗಿ ಕತ್ತರಿಸಿ ತುಂಬಿಬಿಟ್ಟೆ. ಜೋಳ ಅರ್ಧ, ಸೊಪ್ಪು ಅರ್ಧ. ಪಕ್ಕದ ಹೊಲದ ಅಜ್ಜಿ ಬೇಲಿ ಆಚೆಯಿಂದ ನೋಡುತ್ತಾ, ‘ಏನಪ್ಪಾ, ಕನ್ನೆ ಸೊಪ್ಪಿಗೆ ಉಪ್ಪಿನಕಾಯಿ ಹಾಕ್ತಿದೀಯಾ?’ ಅಂದರು. ನಕ್ಕೆ. ಮೂರನೇ ದಿನ ಡ್ರಮ್ಮಿನ ಬುಡದಿಂದ ಕಂದು ನೀರು ಸೋರಲು ಶುರುವಾಯಿತು, ಒಂದು ವಾರಕ್ಕೆ ಕೊಟ್ಟಿಗೆ ಪೂರ್ತಿ ನಾತ. ಒಂದೂವರೆ ತಿಂಗಳಾದ ಮೇಲೆ ತೆಗೆದರೆ ಒಳಗೆ ಕರಿಹಸಿರು ಲೋಳೆ. ಕಮಟು ಬೆಣ್ಣೆ ಮತ್ತು ಕೊಳೆತ ಮೊಟ್ಟೆ ಸೇರಿದ ವಾಸನೆ. ಗೌರಿ, ಅಂದರೆ ನಮ್ಮ ದೊಡ್ಡ ಹಸು, ಒಂದು ಸಲ ಮೂಸಿ ನನ್ನ ಮುಖ ನೋಡಿತು. ಇಡೀ ಡ್ರಮ್ಮು ತಿಪ್ಪೆಗೆ.

ಯಾಕೆ ಹಾಗಾಯಿತು ಅಂದರೆ, ಸೈಲೇಜಿನಲ್ಲಿ ನಾವು ಸಾಕುವುದು ಗಾಳಿ ಬೇಡದ, ಹುಳಿ ಮಾಡುವ ಬ್ಯಾಕ್ಟೀರಿಯಾವನ್ನು, ದೋಸೆ ಹಿಟ್ಟು, ಮೊಸರಿನ ನೆಂಟರನ್ನು. ಅವಕ್ಕೆ ಸಕ್ಕರೆ ಬೇಕು. ಜೋಳದಲ್ಲಿ ಸಕ್ಕರೆ ಇದೆ, ಬೇಗ ಹುಳಿಯಾಗಿ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 4ರ ಹತ್ತಿರ ಇಳಿಯುತ್ತದೆ, ಆಮೇಲೆ ಕೊಳೆಸುವ ಬ್ಯಾಕ್ಟೀರಿಯಾ ತಲೆ ಎತ್ತುವುದಿಲ್ಲ. ಬದುವಿನ ಸೊಪ್ಪಿನಲ್ಲಿ, ದ್ವಿದಳ ಬಳ್ಳಿಗಳಲ್ಲಿ, ಸಕ್ಕರೆ ಕಮ್ಮಿ. ಅದರ ಮೇಲೆ ಅವುಗಳ ಪ್ರೋಟೀನು, ಖನಿಜ ಹುಳಿ ಏರುವುದನ್ನು ತಡೆದು ಹಿಡಿಯುತ್ತವೆ. ಯಾವ ಗುಣಕ್ಕಾಗಿ ನಾವು ಸೊಪ್ಪು ಹಾಕುತ್ತೇವೋ ಅದೇ ಗುಣ ಡ್ರಮ್ಮಿನಲ್ಲಿ ನಮಗೆ ಎದುರು ನಿಲ್ಲುತ್ತದೆ. ಇನ್ನು ನೀರು ಜಾಸ್ತಿ ಇದ್ದರೆ ಕೊಳೆಸುವವರಿಗೇ ಹಬ್ಬ.

ಹಾಗಾಗಿ ಟಾರ್ಪಾಲಿನ ಮೇಲೆ ಒಂದು ಗೇಣಿಗಿಂತ ತೆಳುವಾಗಿ ಹರಡಿ, ಎರಡು ಸಲ ತಿರುವಿ, ಒಳ್ಳೆ ಬಿಸಿಲಿದ್ದರೆ ನಾಲ್ಕರಿಂದ ಆರು ಗಂಟೆ ಬಾಡಿಸಿ. ಮಣ್ಣಿನ ಮೇಲೆ ನೇರ ಹರಡಬೇಡಿ, ಮಣ್ಣಿನ ಜೊತೆ ಕೊಳೆಸುವ ಬೀಜಾಣುಗಳೂ ಬರುತ್ತವೆ. ಅಲಸಂದೆ, ಕುದುರೆ ಮಸಾಲೆ ಅತಿಯಾಗಿ ಒಣಗಿಸಿದರೆ ಎಲೆ ಪುಡಿಯಾಗಿ ಉದುರುತ್ತದೆ, ಪ್ರೋಟೀನು ಇರುವುದೇ ಎಲೆಯಲ್ಲಿ. ಕನ್ನೆ ಸೊಪ್ಪು ಒಂದೇ ದಿನದಲ್ಲಿ ಬಾಡುವುದಿಲ್ಲ, ಮೊಂಡು. ಅದನ್ನು ಹಿಂದಿನ ದಿನವೇ ಕೊಯ್ದು ರಾತ್ರಿ ಸೂರಿನ ಕೆಳಗೆ ಹರಡಿ.

ಆರಿಸುವ ಕೆಲಸವೂ ಟಾರ್ಪಾಲಿನ ಮೇಲೇ. ತಿರುವುವಾಗ ಬಗ್ಗಿ ನೋಡಿ, ಬೇಡದ್ದನ್ನು ಹೊರಗೆ ಎಸೆಯಿರಿ. ನಮ್ಮ ಮನೆಯಲ್ಲಿ ಇದು ಅಮ್ಮನ ಖಾತೆ. ನನ್ನ ಕಣ್ಣಿಗೆ ಎಲ್ಲ ಹಸಿರು ಒಂದೇ ಕಂಡರೂ ಅವರು ಹೊರೆಯ ಮಧ್ಯದಿಂದ ಎರಡೆಲೆಯ ಪಾರ್ಥೇನಿಯಂ ಎಳೆದು ತೆಗೆಯುತ್ತಾರೆ.

ಸಾಕಾ ಬೇಕಾ ಅಂತ ತಿಳಿಯಲು ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಗಟ್ಟಿಯಾಗಿ ಹಿಂಡಿ ಬಿಡಿ. ಬೆರಳ ಸಂದಿಯಿಂದ ನೀರು ಇಳಿದರೆ ಇನ್ನೂ ಬಾಡಬೇಕು. ಉಂಡೆ ನಿಧಾನವಾಗಿ ಬಿಚ್ಚಿಕೊಂಡು, ಅಂಗೈ ಸ್ವಲ್ಪ ತೇವ ಅಷ್ಟೇ ಆದರೆ ಸರಿ. ತಕ್ಷಣ ಚದುರಿಹೋದರೆ ಅತಿ ಒಣಗಿದೆ, ಅದನ್ನು ತುಳಿದರೂ ಗಾಳಿ ಹೋಗುವುದಿಲ್ಲ. ನಂಬಿಕೆ ಬರದಿದ್ದರೆ ಒಂದು ಕೇಜಿ ತೂಗಿ, ಎರಡು ದಿನ ಬಿಸಿಲಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ ಮತ್ತೆ ತೂಗಿ. 300ರಿಂದ 350 ಗ್ರಾಂ ಉಳಿದರೆ ಅದೇ ಬೇಕಾದ ಹದ. ಡ್ರಮ್ಮು ತುಂಬುವ ವಾರದ ಮುಂಚೆ ಒಂದು ಸಲ ಇದನ್ನು ಮಾಡಿ ಕೈಗೆ ಅಂದಾಜು ಕೂರಿಸಿಕೊಂಡರೆ ಆಮೇಲೆ ಮುಷ್ಟಿಯೇ ತಕ್ಕಡಿ.

ಹೆಜ್ಜೆ 5: ಕತ್ತರಿಸಿ, ಬೆರೆಸಿ, ತುಳಿಯಿರಿ

ಮೇವು ಕತ್ತರಿಸುವ ಮಷೀನಿನಲ್ಲಿ ಒಂದು ಇಂಚಿಗೆ, ಆಗುವುದಾದರೆ ಅದಕ್ಕಿಂತ ಸ್ವಲ್ಪ ಚಿಕ್ಕದಾಗಿಯೇ ಕತ್ತರಿಸಿ. ಬಾಡಿದ ಸೊಪ್ಪನ್ನಷ್ಟೇ ಮಷೀನಿಗೆ ಕೊಟ್ಟರೆ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಎರಡು ಜೋಳದ ದಂಟಿನ ಮಧ್ಯೆ ಒಂದು ಹಿಡಿ ಸೊಪ್ಪು ಇಟ್ಟು ತಳ್ಳಿ, ಆಗ ಕತ್ತರಿಯೂ ಬೀಳುತ್ತದೆ, ಅಲ್ಲೇ ಬೆರಕೆಯೂ ಆಗುತ್ತದೆ.

200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು, ಕ್ಲಾಂಪ್ ಮುಚ್ಚಳದ್ದು, ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ಒಳಗೆ ಮುಂಚೆ ಏನಿತ್ತು ಅಂತ ಕೇಳಿ ತೆಗೆದುಕೊಳ್ಳಿ, ಕೆಮಿಕಲ್ ಇದ್ದದ್ದು ಎಷ್ಟು ತೊಳೆದರೂ ಬೇಡ. ನಾಲ್ಕೈದು ಹಸು ಇರುವವರಿಗೆ ಗುಂಡಿಗಿಂತ ಡ್ರಮ್ಮೇ ವಾಸಿ. ಗುಂಡಿ ತೆರೆದ ಮೇಲೆ ದಿನಾ ತೆರೆದ ಮುಖದಿಂದ ಪೂರ್ತಿ ಒಂದು ಪದರ ಖಾಲಿ ಮಾಡಲೇಬೇಕು, ಇಲ್ಲದಿದ್ದರೆ ಆ ಮುಖ ಬೂಸ್ಟು ಹಿಡಿಯುತ್ತದೆ. ಒಂದು ಸಲ ಸೈಲೇಜ್ ಬ್ಯಾಗನ್ನೂ ತಂದು ನೋಡಿದೆ, ಹೊಲಿಗೆಯಲ್ಲೇ ಗಾಳಿ ಹೋಗುತ್ತಿತ್ತು, ಅಂಗಡಿಯವನು ವಾಪಸ್ ತೆಗೆದುಕೊಳ್ಳಲಿಲ್ಲ. ಮಿಕ್ಕಿದ್ದನ್ನು ಇಲಿ ನೋಡಿಕೊಂಡಿತು.

ಒಂದು ಡ್ರಮ್ಮಿಗೆ ನನ್ನ ಅಳತೆ: ಜೋಳ 80 ಕೇಜಿ, ಬಾಡಿಸಿದ ಸೊಪ್ಪು 25ರಿಂದ 28 ಕೇಜಿ. ಹದವಾಗಿ ಕಾಳು ಕಟ್ಟಿದ ಜೋಳವಾದರೆ ಬೆಲ್ಲ ಬೇಡವೇ ಬೇಡ. ಜೋಳದ ಬದಲು ಸೀಮೆ ಹುಲ್ಲು ಹಾಕುವವರು, ಸೊಪ್ಪು ಮೂರನೇ ಒಂದು ಪಾಲಿನವರೆಗೆ ಏರಿಸುವವರು ಮಾತ್ರ 2-3 ಕೇಜಿ ಕಾಕಂಬಿಯನ್ನೋ ಕರಿ ಬೆಲ್ಲವನ್ನೋ ಎರಡು ಮೂರು ಲೀಟರ್ ನೀರಿನಲ್ಲಿ ಕರಗಿಸಿ ಪದರ ಪದರಕ್ಕೆ ಚಿಮುಕಿಸಿ. ಯೂರಿಯಾ ಹಾಕಬೇಡಿ. ಬರೀ ಜೋಳದ ಸೈಲೇಜಿಗೆ ಹಾಕುವವರಿದ್ದಾರೆ, ಇಲ್ಲಿ ಸೊಪ್ಪೇ ಪ್ರೋಟೀನ್ ತಂದಿದೆ. ಉಪ್ಪನ್ನು ನಾನು ಡ್ರಮ್ಮಿಗೆ ಹಾಕುವುದಿಲ್ಲ, ದಿನದ ಹಿಂಡಿಯಲ್ಲಿ ಕೊಡುತ್ತೇನೆ.

ಅರ್ಧ ಅಡಿ ತುಂಬಿ, ಕಾಲು ತೊಳೆದುಕೊಂಡು ಒಳಗೆ ಇಳಿದು ತುಳಿಯಿರಿ. ಅಂಚಿನಲ್ಲಿ ಹಿಮ್ಮಡಿಯಿಂದ, ಮಧ್ಯದಲ್ಲಿ ಪೂರ್ತಿ ಪಾದದಿಂದ. ಮತ್ತೆ ಅರ್ಧ ಅಡಿ. ಮಕ್ಕಳಿಗೆ ಇದು ಭಲೇ ಆಟ, ನಮ್ಮ ಮನೆಯಲ್ಲಿ ಸರದಿ ಹಾಕುತ್ತಾರೆ. ಬೆರಳು ಎರಡನೇ ಗಿಣ್ಣಿನವರೆಗೆ ಇಳಿಯುವುದೇ ಕಷ್ಟ ಆಗಬೇಕು, ಅಷ್ಟು ಬಿಗಿ. ಒಂದು ಡ್ರಮ್ಮಿಗೆ 100 ಕೇಜಿಯಾದರೂ ಹಿಡಿಯದಿದ್ದರೆ ನೀವು ಸರಿಯಾಗಿ ತುಳಿದಿಲ್ಲ ಅಂತ ಅರ್ಥ. ಬಾಯಿವರೆಗೆ ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತಿ ಹಾಸಿ, ಮುಚ್ಚಳ ಹಾಕಿ ಕ್ಲಾಂಪ್ ಬಿಗಿ ಮಾಡಿ. ಶುರು ಮಾಡಿದ ಡ್ರಮ್ಮು ಅದೇ ದಿನ ಮುಗಿಯಬೇಕು. ಮುಚ್ಚಳದ ಮೇಲೆ ಪೇಂಟಿನಲ್ಲಿ ತಾರೀಕು, ಒಳಗೆ ಯಾವ ಸೊಪ್ಪು ಅಂತ ಬರೆಯಿರಿ. ಎರಡು ತಿಂಗಳಾದ ಮೇಲೆ ನೆನಪಿರುವುದಿಲ್ಲ, ನನ್ನನ್ನು ನಂಬಿ.

ಗುಂಡಿ ಮಾಡುವವರಿಗೆ ಒಂದು ಎಚ್ಚರಿಕೆ. ತುಂಬಿದ ಮೊದಲ ವಾರಗಳಲ್ಲಿ ಹಳದಿ-ಕಂದು ಬಣ್ಣದ, ಮೂಗು ಸುಡುವ ಗ್ಯಾಸ್ ಏಳಬಹುದು, ಅದು ನೈಟ್ರೋಜನ್ ಡೈಆಕ್ಸೈಡ್, ಶ್ವಾಸಕೋಶಕ್ಕೆ ವಿಷ. ಕಾರ್ಬನ್ ಡೈಆಕ್ಸೈಡ್ ಬಣ್ಣವೂ ಇಲ್ಲದೆ ತಳದಲ್ಲಿ ನಿಂತಿರುತ್ತದೆ. ಗುಂಡಿಗೆ ತಲೆ ಹಾಕಿ ಇಣುಕಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ.

ಹೆಜ್ಜೆ 6: ಕಾಯುವುದು, ತೆಗೆದು ನೋಡುವುದು

45 ದಿನ ಮುಟ್ಟಬೇಡಿ. ‘ಹೇಗಿದೆ ನೋಡೋಣ’ ಅಂತ ಮಧ್ಯೆ ಮುಚ್ಚಳ ತೆಗೆಯುವವರ ಸೈಲೇಜ್ ಯಾವತ್ತೂ ಚೆನ್ನಾಗಿರುವುದಿಲ್ಲ. ಗಾಳಿ ಹೋಗದಂತೆ ಇದ್ದರೆ ಬೇಸಿಗೆಯವರೆಗೂ ಇಡಬಹುದು. ಫೆಬ್ರವರಿಯಿಂದ ಮೇ ತಿಂಗಳವರೆಗೆ ಬದು ಒಣಗಿ ಬೂದಿಯಾಗಿರುವಾಗ ತಾನೇ ಇದು ಬೇಕಾಗುವುದು.

ತೆಗೆದಾಗ ಮೊದಲು ಮೂಗು. ಹುಳಿ ಬಂದ ದೋಸೆ ಹಿಟ್ಟಿನ ಹಾಗೆ, ಸ್ವಲ್ಪ ಹಣ್ಣಿನ ವಾಸನೆ ಸೇರಿದ ಹಾಗೆ ಇದ್ದರೆ ಗೆದ್ದಿರಿ. ಬಣ್ಣ ಹಳದಿ ಮಿಶ್ರಿತ ಹಸಿರು. ಸೊಪ್ಪು ಬೆರೆತಿರುವುದರಿಂದ ಬರೀ ಜೋಳದ್ದಕ್ಕಿಂತ ಸ್ವಲ್ಪ ಕಪ್ಪಗಿರುತ್ತದೆ, ಅದಕ್ಕೆ ಹೆದರಬೇಡಿ. ಸುಟ್ಟ ಸಕ್ಕರೆ, ಹೊಗೆಸೊಪ್ಪಿನ ವಾಸನೆ ಬಂದು ಕಂದಾಗಿದ್ದರೆ ಒಳಗೆ ಗಾಳಿ ಉಳಿದು ಬಿಸಿಯಾಗಿದೆ. ಹಸು ತಿನ್ನುತ್ತದೆ, ಪ್ರೋಟೀನು ದಕ್ಕುವುದಿಲ್ಲ. ಕಮಟು ವಾಸನೆ, ಲೋಳೆ, ಕಣ್ಣು ಉರಿಸುವ ಅಮೋನಿಯಾ ಇದ್ದರೆ ತಿಪ್ಪೆಗೆ. ಪಿಎಚ್ ಪೇಪರ್ ಅಗ್ಗ, ಒಂದು ಕಟ್ಟು ಇಟ್ಟುಕೊಳ್ಳಿ. ಒಂದು ಹಿಡಿ ಸೈಲೇಜನ್ನು ಅಷ್ಟೇ ಶುದ್ಧ ನೀರಿನಲ್ಲಿ ಕಿವುಚಿ ಅದ್ದಿ, 4.2ರ ಒಳಗೆ ಇದ್ದರೆ ಚೆನ್ನ. ಸೊಪ್ಪು ಜಾಸ್ತಿ ಇದ್ದ ಡ್ರಮ್ಮು 4.5ರವರೆಗೆ ಬಂದರೂ, ವಾಸನೆ ಸರಿ ಇದ್ದರೆ, ನಾನು ಕೊಡುತ್ತೇನೆ.

ಮೇಲಿನ ಒಂದೆರಡು ಇಂಚು ಬೂಸ್ಟು ಹಿಡಿದಿರುತ್ತದೆ. ಅದನ್ನು ‘ಕುರಿಗೆ ಹಾಕೋಣ’ ಅಂತ ಎತ್ತಿಡಬೇಡಿ. ಕೆಟ್ಟ ಸೈಲೇಜಿನಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದಕ್ಕೆ ಮೊದಲು ಬಲಿಯಾಗುವುದೇ ಕುರಿ. ಒಂದೇ ಕಡೆ ಸುತ್ತು ಹಾಕುತ್ತಾ, ತಲೆ ವಾಲಿಸಿಕೊಂಡು ಬೀಳುತ್ತವೆ.

ಪ್ರೋಟೀನು, ನಾರು ಎಷ್ಟಿದೆ ಅಂತ ಅಂಕಿಯಲ್ಲೇ ನೋಡಬೇಕು ಅನ್ನುವವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲೋ, ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಲ್ಲೋ ಮೇವಿನ ಪರೀಕ್ಷೆ ಬಗ್ಗೆ ವಿಚಾರಿಸಿ. ಬದುವಿನ ಸೊಪ್ಪು ಸಾಲದೆ ಬಿತ್ತಿಯೇ ಬೆಳೆಯುತ್ತೇನೆ ಅನ್ನುವವರು ಹೆಸರಘಟ್ಟದ ಕೇಂದ್ರ ಸರ್ಕಾರದ ಮೇವು ಕೇಂದ್ರದಲ್ಲಿ ಸ್ಟೈಲೋ, ಬೇಲಿ ಮೆಂತೆ, ಅಲಸಂದೆಯಂಥ ದ್ವಿದಳ ಮೇವಿನ ಬೀಜ ಕೇಳಿ ನೋಡಿ. ಬೇಲಿ ಮೆಂತೆ, ಸ್ಟೈಲೋ ಬೀಜದ ಸಿಪ್ಪೆ ಕಲ್ಲಿನಂಥದ್ದು. ನೀರು ಕುದಿಸಿ ಇಳಿಸಿ, 80 ಡಿಗ್ರಿಗೆ ಬಂದಾಗ ನಾಲ್ಕೈದು ನಿಮಿಷ ಅದ್ದಿ, ರಾತ್ರಿ ತಣ್ಣೀರಿನಲ್ಲಿ ನೆನೆಸಿ ಬಿತ್ತಬೇಕು. ಒಮ್ಮೆ ಹಿಡಿದರೆ ವರ್ಷಗಟ್ಟಲೆ ಕೊಯ್ಯಬಹುದು.

ಹೆಜ್ಜೆ 7: ಹಸುವಿಗೆ ಕೊಡುವುದು

ಮೊದಲ ದಿನ 2-3 ಕೇಜಿ, ಅದೂ ರಾಗಿ ಹುಲ್ಲಿನ ಜೊತೆ ಬೆರೆಸಿ. ಹತ್ತು ದಿನದಲ್ಲಿ ನಿಧಾನವಾಗಿ ಏರಿಸಿ. 400-450 ಕೇಜಿಯ ಸೀಮೆ ಹಸು ದಿನಕ್ಕೆ ಒಟ್ಟು 12-13 ಕೇಜಿ ಒಣ ತೂಕ ತಿನ್ನುತ್ತದೆ ಅಂತ ಇಟ್ಟುಕೊಂಡರೆ, 15ರಿಂದ 20 ಕೇಜಿ ಸೈಲೇಜ್, ಅಂದರೆ ಐದಾರು ಕೇಜಿ ಒಣ ತೂಕ, ಸಾಕು. ಮಿಕ್ಕಿದ್ದು ರಾಗಿ ಹುಲ್ಲು, ಹಿಂಡಿ, ಬೂಸಾ. ಒಂದು ಡ್ರಮ್ಮು ಒಂದು ಹಸುವಿಗೆ ಐದಾರು ದಿನ ಅಷ್ಟೇ, ಹಾಗಾಗಿ ಮೂರು ತಿಂಗಳ ಬೇಸಿಗೆಗೆ ಎಷ್ಟು ಡ್ರಮ್ಮು ಬೇಕು ಅಂತ ಈಗಲೇ ಬೆರಳು ಮಡಿಸಿ. ನನಗೂ ಅಷ್ಟು ಆಗುವುದಿಲ್ಲ. ಹಾಲು ಕೊಡುವ ಎರಡಕ್ಕೆ ಮಾತ್ರ, ದಿನಕ್ಕೆ ಎಂಟು ಹತ್ತು ಕೇಜಿ ಕೊಟ್ಟು, ಗೊಡ್ಡಿಗೆ ರಾಗಿ ಹುಲ್ಲೇ.

ಹಾಲು ಕರೆದ ಮೇಲೆ ಕೊಡಿ, ಕರೆಯುವ ಮುಂಚೆ ಬೇಡ. ಸೈಲೇಜಿನ ವಾಸನೆ ಹಾಲಿಗೆ ಹಿಡಿಯುತ್ತದೆ, ಡೈರಿಯಲ್ಲಿ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನ ಅಂಶ) ಸರಿ ಇದ್ದರೂ ಮೂಸಿ ನೋಡಿ ಮುಖ ಕಿವುಚುತ್ತಾರೆ. ತೆರೆದ ಡ್ರಮ್ಮನ್ನು ವಾರದೊಳಗೆ ಮುಗಿಸಿ, ದಿನಾ ತೆಗೆದ ಮೇಲೆ ಪ್ಲಾಸ್ಟಿಕ್ ಹಾಳೆ ಮತ್ತೆ ಒತ್ತಿ ಮುಚ್ಚಿ. ಸಂಜೆ ಗೋದಲಿಯಲ್ಲಿ ಉಳಿದದ್ದನ್ನು ಗುಡಿಸಿ ಎಸೆಯುವ ಮುಂಚೆ ಒಂದು ಸಲ ಕೈಯಲ್ಲಿ ಹಿಡಿದು ನೋಡಿ. ಎರಡನೇ ವರ್ಷ ನಮ್ಮ ಗೋದಲಿಯಲ್ಲಿ ದಿನಾ ಒಂದು ಹಿಡಿ ಗಟ್ಟಿ ಕಡ್ಡಿ ಉಳಿಯುತ್ತಿತ್ತು. ಬಿಡಿಸಿ ನೋಡಿದರೆ ಬಲಿತ ಅಣ್ಣೆ ಸೊಪ್ಪಿನ ದಂಟು ಮತ್ತು ಉತ್ತರಾಣಿ. ಅಷ್ಟು ಕತ್ತರಿಸಿ ಬೆರೆಸಿದ ಮೇಲೂ ಗೌರಿ ನಾಲಿಗೆಯಲ್ಲೇ ಬೇರೆ ಮಾಡಿ ಪಕ್ಕಕ್ಕೆ ತಳ್ಳಿತ್ತು. ಆಮೇಲಿಂದ ಉತ್ತರಾಣಿ ಕೊಯ್ಯುವುದು ಬಿಟ್ಟೆ, ಅಣ್ಣೆ ಸೊಪ್ಪನ್ನು ಹತ್ತು ದಿನ ಮುಂಚೆಯೇ ಕೊಯ್ಯುತ್ತೇನೆ.